ಹುಳದ ಮನೆಯ ಕಿಟಕಿ ತೆಗೆದವಳು

ಕಳೆದ ತಿಂಗಳು ನಮ್ಮತ್ತೆಯ ಒಂದು ಬೆಳೆ ರೇಷ್ಮೆಹುಳುಗಳನ್ನು ನಾನು ಕೊಂದೇಬಿಡುತ್ತಿದ್ದೆ. ಬೇಕಂತ ಅಲ್ಲ. ಸೆಕೆಯಾಯಿತು, ಕಿಟಕಿ ತೆಗೆದೆ. ಅಷ್ಟೇ.

(ಡಿಸೆಂಬರ್ ತಿಂಗಳು, ಬೆಳಗಿನ ಏಳು ಗಂಟೆ, ಹತ್ತು ಮಾರು ದೂರದ ಹುಣಸೇಮರ ಕಾಣದಷ್ಟು ಮಂಜು. ಇದನ್ನು ಮೊದಲೇ ಹೇಳಬೇಕಿತ್ತು.)

ನಮ್ಮತ್ತೆಗೆ ಎಪ್ಪತ್ತೆರಡು. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ಇನ್ನೂ ತಾವೇ ನಿಂತು ಹುಳು ಸಾಕುತ್ತಾರೆ. ಶನಿವಾರ ಸ್ಕೂಲು ಮುಗಿಸಿ ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿದರೆ ಭಾನುವಾರವೆಲ್ಲ ನಾನು ಅಲ್ಲೇ. ಅವತ್ತು ಅತ್ತೆ ತೋಟಕ್ಕೆ ಸೊಪ್ಪು ಕೊಯ್ಯಲು ಹೊರಟರು.

"ಮರಿ ಹುಳ ಕಣಮ್ಮ, ಚಳಿ ತಡಿಯಲ್ಲ. ಕಿಟ್ಕಿ ತೆಗೀಬೇಡ, ಒಲೆ ಆರದಂಗೆ ನೋಡ್ಕೊ" ಅಂದರು.

ಹೈಸ್ಕೂಲು ಮಕ್ಕಳಿಗೆ ಇಪ್ಪತ್ತು ವರ್ಷದಿಂದ ವಿಜ್ಞಾನ ಹೇಳಿಕೊಡುವವಳಿಗೆ ಒಂದು ಇದ್ದಿಲ ಒಲೆ ನೋಡಿಕೊಳ್ಳುವುದು ಯಾವ ಮಹಾ?

ಹುಳದ ಮನೆಯಲ್ಲಿ ಕೂತು ಹತ್ತು ನಿಮಿಷ ಆಗಿರಬೇಕು. ಎದೆಯಿಂದ ಒಂದು ಉರಿ ಎದ್ದಿತು. ಕುತ್ತಿಗೆಗೆ ಬಂತು, ಕಿವಿಗೆ ಬಂತು, ನೆತ್ತಿಗೇರಿತು. ಕುಪ್ಪಸವೆಲ್ಲ ಒದ್ದೆ. ಯೋಚನೆ ಮಾಡುವಷ್ಟು ತಾಳ್ಮೆ ಯಾರಿಗಿತ್ತು? ಎರಡೂ ಕಿಟಕಿ ತೆಗೆದೆ. ಒಲೆಯನ್ನು ಎತ್ತಿ ಅಂಗಳದಲ್ಲಿಟ್ಟೆ. ಹೊಸಿಲ ಮೇಲೆ ಕೂತು ಮಂಜಿಗೆ ಮುಖ ಒಡ್ಡಿದೆ. ಎಂಥ ಸುಖ ಅಂತೀರಿ.

ಅರ್ಧ ಗಂಟೆಗೆ ಅತ್ತೆ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಬಂದರು. ಅಂಗಳದ ಒಲೆ ನೋಡಿದರು, ಕಿಟಕಿ ನೋಡಿದರು, ಒಳಗೆ ಹೋಗಿ ತಟ್ಟೆ ನೋಡಿದರು. ಹುಳುಗಳು ಸೊಪ್ಪು ಬಿಟ್ಟು ಮುದುರಿಕೊಂಡಿದ್ದವು. ಅವರು ಬೈಯಲಿಲ್ಲ. ಕಿಟಕಿ ಹಾಕಿದರು, ಒಲೆ ಒಳಗಿಟ್ಟರು, ಬೆವರಿನಲ್ಲಿ ತೊಯ್ದಿದ್ದ ನನ್ನನ್ನು ನೋಡಿದರು.

"ಏಮಮ್ಮಾ, ಎಷ್ಟು ದಿನದಿಂದ?"

"ಈಗ್ಲೇ ಅತ್ತೆ, ಅರ್ಧ ಗಂಟೆ ಆಯ್ತೇನೋ."

"ಹುಳದ ಮಾತಲ್ಲಮ್ಮ. ನಿಂದು."

ನಾಲ್ಕು ತಿಂಗಳಿಂದ. ಯಾರಿಗೂ ಹೇಳಿರಲಿಲ್ಲ. ನನಗೆ ಭಯ ಇದ್ದದ್ದು ಉರಿಯದ್ದಲ್ಲ, ತಲೆಯದ್ದು. ಪೆನ್ನು ತಾರದ ಹುಡುಗಿಯ ಮೇಲೆ ಕಿರುಚಿ, ಸ್ಟಾಫ್ ರೂಮಿಗೆ ಬಂದು ನಾನೇ ಅಳುತ್ತಿದ್ದೆ. ನಿದ್ದೆ ಇರಲಿಲ್ಲ. ಜನವರಿಯಿಂದ ಹೆಡ್‌ಮಿಸ್ಟ್ರೆಸ್ ಆಗಬೇಕಿತ್ತು. ತಲೆ ಕೆಟ್ಟವಳಿಗೆ ಸ್ಕೂಲು ಯಾಕೆ ಎಂದು, ಬೇಡವೆನ್ನುವ ಅರ್ಜಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ.

ತಮಾಷೆ ನೋಡಿ. ಇದೇ ಪಾಠವನ್ನು ವರ್ಷಾವರ್ಷ ಮಾಡುವವಳು ನಾನು. ಮೆದುಳಿನ ಅಡಿಯಲ್ಲಿ ಬಾದಾಮಿಯಷ್ಟು ಹೈಪೋಥಲಾಮಸ್. ಅದು ಪಿಟ್ಯುಟರಿಗೆ ಹೇಳುತ್ತದೆ, ಪಿಟ್ಯುಟರಿ ಉಳಿದ ಗ್ರಂಥಿಗಳಿಗೆ ಹೇಳುತ್ತದೆ. ಮೈ ಎಷ್ಟು ಬೆಚ್ಚಗಿರಬೇಕು ಎಂದು ನೋಡುವುದೂ ಅದೇ ಬಾದಾಮಿ. ಐವತ್ತರ ಹತ್ತಿರ, ಮುಟ್ಟು ನಿಲ್ಲುವ ಕಾಲಕ್ಕೆ, ಅಂಡಾಶಯ ಹಾರ್ಮೋನು ಕಡಿಮೆ ಮಾಡುತ್ತಲೇ ಅದಕ್ಕೆ ಗಲಿಬಿಲಿ. ಇಲ್ಲದ ಸೆಕೆಯನ್ನು ಇದೆ ಎಂದುಕೊಂಡು ಬೆವರು ಹರಿಸುತ್ತದೆ. ನಿದ್ದೆ, ಸಿಟ್ಟು, ಅಳು ಎಲ್ಲವೂ ಅದರ ಜೊತೆ ಏರುಪೇರು. ಚಿತ್ರ ಬರೆದು ಭಾಗಗಳನ್ನು ಗುರುತಿಸಿ, ನಾಲ್ಕು ಅಂಕ. ನನ್ನ ತಲೆಯೊಳಗೇ ಇರುವುದು ಮಾತ್ರ ನನಗೆ ಗುರುತಾಗಲಿಲ್ಲ.

"ನಂಗೂ ಆಗಿತ್ತು" ಅಂದರು ಅತ್ತೆ, ಸೊಪ್ಪು ಹೆಚ್ಚುತ್ತಾ. "ಈ ಚಳೀಲಿ ಬಾವಿ ನೀರು ಸುರ್ಕೊಂತಿದ್ದೆ. ಗಾಳಿ ಮೆಟ್ಕೊಂಡಿದೆ ಅಂತ ನಿಮ್ಮಾವ ಮುರುಗಮಲ್ಲ ದರ್ಗಾಕ್ಕೆ ಕರ್ಕೊಂಡೋದ್ರು. ತಾಯಿತ ಕಟ್ಟಿಸಿದ್ರು."

"ತಾಯಿತದಿಂದ ಹೋಯ್ತಾ?"

"ಅದೇನೋ ಗೊತ್ತಿಲ್ಲಮ್ಮ. ಅಲ್ಲಿ ಎರಡು ದಿನ ಯಾರೂ ನಂಗೆ ಕೆಲ್ಸ ಹೇಳ್ಲಿಲ್ಲ. ಮರದ ಕೆಳಗೆ ಮಲ್ಗಿದ್ದೆ, ಹಾಯಾಗಿತ್ತು. ವಾಪಸ್ ಬಂದು ಹುಳ ಮೇಯಿಸ್ದೆ. ಉರಿ ಬರೋದು, ಹೋಗೋದು. ಒಂದು ಬೆಳೇನೂ ಬಿಡ್ಲಿಲ್ಲ. ಎರಡು ವರ್ಷಕ್ಕೆ ತಾನೇ ನಿಂತೋಯ್ತು."

ನಾನು ಅರ್ಜಿಯ ಸಂಗತಿ ಬಾಯಿಬಿಟ್ಟೆ. ತಲೆ ಸರಿ ಇಲ್ಲ ಅತ್ತೆ, ಅಂದೆ.

"ಕಿಟ್ಕಿ ತೆಗೆದಿದ್ದು ಮೈ ಕಣಮ್ಮ, ತಲೆ ಅಲ್ಲ."

(ಎರಡೂ ಒಂದೇ ಎಂದು ಪಾಠ ಶುರು ಮಾಡಲು ಹೊರಟವಳು ಬಾಯಿ ಮುಚ್ಚಿಕೊಂಡೆ. ಬಹಳ ದಿನದ ಮೇಲೆ ಮನಸ್ಸು ಹಗುರವಾಗಿತ್ತು.)

ಮಾರನೆಯ ದಿನ ಚಿಕ್ಕಬಳ್ಳಾಪುರದ ಲೇಡಿ ಡಾಕ್ಟರ ಹತ್ತಿರ ಹೋದೆ. ಅವರು ಪರೀಕ್ಷೆ ಮಾಡಿ ಹೇಳಿದ್ದೂ ಅದನ್ನೇ, ಇಂಗ್ಲಿಷಿನಲ್ಲಿ. ಅರ್ಜಿ ಹರಿದು ಹಾಕಿದೆ. ಹುಳುಗಳೂ ಬದುಕಿದವು. ಪೊರೆ ಬಿಡುವುದು ಒಂದು ದಿನ ತಡವಾಯಿತು, ಆಮೇಲೆ ಸೊಗಸಾಗಿ ಗೂಡು ಕಟ್ಟಿದವು.

ಹೆಡ್‌ಮಿಸ್ಟ್ರೆಸ್ ಆಗಿ ಇವತ್ತಿಗೆ ಹತ್ತು ದಿನ. ಮೇಜಿನ ಮೇಲೊಂದು ಬೀಸಣಿಗೆ ಇಟ್ಟಿದ್ದೇನೆ. ಜನವರಿಯಲ್ಲಿ ಬೀಸಣಿಗೆ ಯಾಕೆ ಎಂದು ನಿನ್ನೆ ಮೇಷ್ಟರೊಬ್ಬರು ಕೇಳಿದರು. ಮುಚ್ಚುಮರೆ ಇಲ್ಲದೆ ಹೇಳಿದೆ. ಅವರು ಸ್ವಲ್ಪ ಕೆಮ್ಮಿ, "ಈ ವಯಸ್ಸಲ್ಲಿ ಹೆಂಗಸರಿಗೆ ಸಿಟ್ಟು ಜಾಸ್ತಿಯಂತೆ. ಸ್ಕೂಲು ನಡೆಸೋದು ಕಷ್ಟ ಆಗಲ್ವಾ ಮೇಡಂ?" ಅಂದರು.

ನಾನು ಕೇಳಿದೆ: ನನಗಿಂತ ಮುಂಚೆ ಇದ್ದ ಹೆಡ್‌ಮಾಸ್ತರರು ಎಂಟು ವರ್ಷ ಕಂಡಕಂಡವರ ಮೇಲೆ ಡಸ್ಟರ್ ಎಸೆದರಲ್ಲ, ಅವರ ಹಾರ್ಮೋನನ್ನು ನೀವು ಯಾರಾದರೂ ಒಂದು ದಿನ ವಿಚಾರಿಸಿದ್ದಿರಾ?