ಮಾವಿನ ಗಾಡಿಯ ಬಿಳಿ ಗೆರೆ

ಮೊಮ್ಮಗಳು ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿ ಒಂದು ತಿಂಗಳಾಯಿತು. ಇಷ್ಟು ದಿನ ಅವಳಿಗೆ ‘ಊಟ ಆಯ್ತಾ ಕತ್ತೆ’ ಎಂದಷ್ಟೇ ಕಳಿಸುತ್ತಿದ್ದೆ. ಇವತ್ತು ಸ್ವಲ್ಪ ಉದ್ದದ್ದು ಬರೆಯುತ್ತೇನೆ. ಬಾಯಲ್ಲಿ ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ, ಮೊದಲನೇ ಮಾತಿಗೇ ನಗಲು ಶುರು ಮಾಡುತ್ತಾರೆ. ಅದಕ್ಕೆ ಕಾರಣ ನಾನೇ.

ಮದುವೆಯಾದ ಹೊಸದರಲ್ಲೇ ಯಜಮಾನರಿಗೆ ನನ್ನ ಬುದ್ಧಿ ಗೊತ್ತಾಗಿತ್ತು. ಹುತ್ತೂರಿನ ಹತ್ತಿರದ ಅತ್ತೆ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಒಂದು ಮಧ್ಯಾಹ್ನ, “ರೀ, ಹುಳ ಎಲ್ಲಾ ತಟ್ಟೆ ಬಿಟ್ಟು ಪಕ್ಕದ್ಮನೆಗೆ ಹೊಂಟೋದ್ವು” ಎಂದೆ. ಅವರು ಊಟ ಬಿಟ್ಟು, ಎಂಜಲು ಕೈಯಲ್ಲೇ ಮಂಕರಿ ಹಿಡಿದು ಬೀದಿಗೆ ಓಡಿದರು. ಹುಳಗಳು ಒಳಗೆ ತಮ್ಮ ಪಾಡಿಗೆ ಸೊಪ್ಪು ಮೇಯುತ್ತಿದ್ದವು. ಅವರು ಬೈಯಲಿಲ್ಲ. ಆಮೇಲಿಂದ ನಾನು ಏನು ಹೇಳಿದರೂ ಮೊದಲು ನನ್ನ ಮುಖ ನೋಡುತ್ತಿದ್ದರು, ಅಷ್ಟೇ.

ಅವರು ಕೋಲಾರದ ಚಿಕ್ಕ ಹಳಿಯ ರೈಲಿನ ಗ್ಯಾಂಗಿನಲ್ಲಿ ದಿನಗೂಲಿ ಕೆಲಸ ಮಾಡುತ್ತಿದ್ದರು. ಹಳಿಯ ಮೇಲೆ ಕೆನ್ನೆ ಇಟ್ಟು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡುತ್ತಿದ್ದರು. ಎಲ್ಲಿ ಬೆರಳಷ್ಟು ಸೊಟ್ಟಗಾಗಿದೆ ಎಂದು ಅಲ್ಲಿಂದಲೇ ಹೇಳುತ್ತಿದ್ದರು. ಮೇಲಿನವರೂ ಅವರನ್ನು ಕೇಳಿಯೇ ಹಳಿ ಸರಿಸುತ್ತಿದ್ದರಂತೆ. ತೊಂಬತ್ತರ ದಶಕದಲ್ಲಿ ಆ ರೈಲು ನಿಂತಿತು. ದಿನಗೂಲಿಯವರಿಗೆ ಬೇರೆ ಕಡೆ ಜಾಗ ಸಿಗಲಿಲ್ಲ. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಕೆಲವು ವರ್ಷ ದುಡಿದೆವು. ಅಲ್ಲೂ ಅವರು ಒಣಗಲು ಇಟ್ಟ ಹಸಿ ಇಟ್ಟಿಗೆಯ ಸಾಲಿಗೆ ಕೆನ್ನೆ ಇಟ್ಟು ನೋಡುವುದು, ಹೆಂಗಸರು ನಗುವುದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಶ್ರೀನಿವಾಸಪುರದ ರಸ್ತೆಯಲ್ಲಿ ಒಬ್ಬ ಮಾವಿನ ತೋಟದ ಸಾಹುಕಾರರು ಮಕ್ಕಳ ಪಾರ್ಕು ಮಾಡಿದರು. ನಾವಿಬ್ಬರೂ ಅಲ್ಲಿ ಕೆಲಸಕ್ಕೆ ಸೇರಿದೆವು. ಜಾರುಬಂಡೆ, ಉಯ್ಯಾಲೆ ಎಲ್ಲ ಇತ್ತು. ಆದರೆ ಜನ ಬರುತ್ತಿದ್ದದ್ದು ಒಂದು ದೊಡ್ಡ ಶೆಡ್ಡಿಗೆ. ಒಳಗೆ ಕತ್ತಲೆ, ಅಲ್ಲಲ್ಲಿ ಕೆಂಪು ಹಸಿರು ದೀಪ, ಕಾಗದದ ಆನೆ, ಕಿರುಚುವ ಕೋತಿ. ಅದರ ನಡುವೆ ಮಾವಿನಹಣ್ಣಿನ ಆಕಾರದ ಆರು ಹಳದಿ ಗಾಡಿಗಳು ಇಬ್ಬಿಬ್ಬರನ್ನು ಕೂರಿಸಿಕೊಂಡು ತಮ್ಮಷ್ಟಕ್ಕೆ ತಾವೇ ಓಡುತ್ತಿದ್ದವು. ಹಳಿ ಇಲ್ಲ, ಡ್ರೈವರಿಲ್ಲ. ಕಪ್ಪು ನೆಲದ ಮೇಲೆ ಒಂದು ಬಿಳಿ ಗೆರೆ. ಗಾಡಿಯ ಹೊಟ್ಟೆಯ ಕೆಳಗೊಂದು ಕಣ್ಣು. ಬ್ಯಾಟರಿ ಗಾಡಿಯ ಆ ಕಣ್ಣು ಬಿಳಿ ಗೆರೆ ನೋಡಿಕೊಂಡು ಹೋಗುತ್ತದೆ ಎಂದು ಬೆಂಗಳೂರಿನ ಇಂಜಿನಿಯರು ಹೇಳಿಕೊಟ್ಟರು.

ಆ ಗೆರೆಗೆ ಬಣ್ಣ ಹಚ್ಚುವ ಕೆಲಸ ನಮ್ಮ ಯಜಮಾನರದು, ನೆಲ ಗುಡಿಸುವುದು ನನ್ನದು. ಬೆಳಿಗ್ಗೆ ಶೆಡ್ಡು ತೆರೆದ ಕೂಡಲೇ ಅವರು ನೆಲಕ್ಕೆ ಕೆನ್ನೆ ಇಟ್ಟು ಮಲಗಿಬಿಡುತ್ತಿದ್ದರು. ರೈಲು ಹೋದ ಮೇಲೆ ಕುಗ್ಗಿದ್ದ ಮನುಷ್ಯ ಮತ್ತೆ ಎದೆ ಎತ್ತಿ ಓಡಾಡತೊಡಗಿದರು.

ಆಯುಧಪೂಜೆಯ ಹಿಂದಿನ ದಿನ ಗೆರೆಗೆ ಹೊಸ ಬಣ್ಣ ಹಚ್ಚುತ್ತಿದ್ದರು. ನಾನು ಪೊರಕೆ ಹಿಡಿದು ನಿಂತು ಕೇಳಿದೆ:

“ರೀ, ಪಕ್ಕದಲ್ಲಿ ಇನ್ನೊಂದು ಬಿಳಿ ಗೆರೆ ಇದ್ರೆ ಏನ್ ಮಾಡ್ತದೆ ನಿಮ್ ಗಾಡಿ?”

“ನನ್ ಗೆರೆ ಯಾವ್ದು ಅಂತ ಅದಕ್ಕೆ ಗೊತ್ತೈತೆ.”

“ಓಹೋ! ನಿಮ್ ಕೈ ಗುರುತು ಹಿಡೀತದಾ?”

“ಹಿಡೀತದೆ ಕಣೇ. ನಿನ್ನಂಗಲ್ಲ ಅದು. ಹೇಳಿದ್ ಮಾತು ಕೇಳ್ತದೆ.”

ನಕ್ಕೆವು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮಾರನೆಯ ದಿನ ಗಾಡಿಗಳಿಗೆಲ್ಲ ಬಾಳೆಕಂದು, ಚೆಂಡುಹೂವು. ಪೂಜೆ ಶೆಡ್ಡಿನ ಬಾಗಿಲ ಹೊರಗೆ. ಎಲ್ಲರೂ ಅಲ್ಲಿದ್ದಾಗ ನಾನು ರಂಗೋಲಿ ಡಬ್ಬಿ ಹಿಡಿದು ಬಾಗಿಲಿಗೆ ಇಳಿಬಿಟ್ಟಿದ್ದ ಪರದೆಯ ಒಳಗೆ ಹೋದೆ. ಮೊದಲನೇ ತಿರುವಿನಲ್ಲಿ, ಅವರ ಗೆರೆಗೆ ತಾಗಿಸಿ, ಚುಕ್ಕಿಗಳ ಸುತ್ತ ಕೈ ಎತ್ತದೆ ಒಂದೇ ಎಳೆಯಲ್ಲಿ ಸುತ್ತುವ ದೊಡ್ಡ ರಂಗೋಲಿ ಹಾಕಿದೆ. ಗಾಡಿಗೆ ಹಬ್ಬ, ರಂಗೋಲಿ ಇಲ್ಲದಿದ್ದರೆ ಹೇಗೆ? ಇದು ಅರ್ಧ ನಿಜ. ಉಳಿದರ್ಧ ಏನೆಂದರೆ, ನೋಡೇಬಿಡೋಣ, ಯಾರ ಕೈ ಗುರುತು ಹಿಡಿಯುತ್ತದೆ ಎಂಬ ಕಿತಾಪತಿ. ಖಾಲಿ ಗಾಡಿ ಮೊದಲು ಬಿಡುತ್ತಾರೆ ಎಂದುಕೊಂಡಿದ್ದೆ.

ಚಕ್ರದಡಿ ನಿಂಬೆಹಣ್ಣು ಇಟ್ಟರು, ಬೂದುಗುಂಬಳ ಒಡೆದರು. ಮೊದಲ ಗಾಡಿಗೆ ಸಾಹುಕಾರರ ಹೆಂಡತಿ, ರೇಷ್ಮೆ ಸೀರೆ ಉಟ್ಟು, ಕೈತುಂಬ ಹೊಸ ಗಾಜಿನ ಬಳೆ ತೊಟ್ಟು, ಹತ್ತಿ ಕೂತುಬಿಟ್ಟರು. ನಾನು ಬಾಯಿ ತೆರೆಯುವ ಹೊತ್ತಿಗೆ ಗಾಡಿ ಪರದೆ ದಾಟಿತ್ತು.

“ಆಪಂಡ್ರಾ! ಒರೇ, ಆಪಂಡ್ರಾ!” ನಿಲ್ಲಿಸಿ ಎಂದು ಆ ತಾಯಿ ತೆಲುಗಿನಲ್ಲಿ ಕೂಗಿಕೊಂಡರು. ಗಾಡಿ ನನ್ನ ರಂಗೋಲಿ ಹಿಡಿದು ಸುತ್ತಿತು, ಇನ್ನೊಂದು ಸುತ್ತು ಹೊಡೆಯಿತು, ಚಕ್ರಕ್ಕೆ ಸಿಕ್ಕಿ ಎಳೆ ಅಳಿಸಿಹೋದಾಗ ದಾರಿ ತಪ್ಪಿ ಆನೆಗೆ ಗುದ್ದಿತು. ಎಲ್ಲರಿಗಿಂತ ಮೊದಲು ಓಡಿದವಳು ನಾನು. ಅವರಿಗೆ ಏಟಾಗಿರಲಿಲ್ಲ. ಬಲಗೈಯ ಬಳೆಗಳೆಲ್ಲ ಒಡೆದಿದ್ದವು. ಹಬ್ಬದ ದಿನ ಮುತ್ತೈದೆಯ ಬಳೆ! ಗಾಜು ಗುಡಿಸುವ ನೆಪದಲ್ಲಿ ಉಳಿದ ರಂಗೋಲಿಯನ್ನೂ ಗುಡಿಸಿ ಸೆರಗಿಗೆ ತುಂಬಿಕೊಂಡೆ. ದೊಡ್ಡ ದೀಪ ಹಾಕಿದಾಗ ನೆಲದ ಮೇಲೆ ಯಜಮಾನರ ಗೆರೆ ಒಂದೇ ಇತ್ತು.

ಸಾಹುಕಾರರು ಬೆಂಗಳೂರಿಗೆ ಫೋನು ಮಾಡಿದರು. ಗೆರೆ ಸೊಟ್ಟಗಾಗಿರಬೇಕು ಎಂದರಂತೆ ಇಂಜಿನಿಯರು.

“ಏನಯ್ಯಾ, ನಿನ್ನೆ ತಾನೇ ಬಣ್ಣ ಹಚ್ಚಿದ್ದು ನೀನು! ಕಣ್ ಕಾಣಲ್ವಾ ನಿಂಗೆ?”

ಯಜಮಾನರು ನೆಲಕ್ಕೆ ಕೆನ್ನೆ ಇಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಎದ್ದು, “ನಂಗೆ ನೆಟ್ಟಗೇ ಕಾಣ್ತೈತೆ ಸಾಮಿ,” ಎಂದರು. ಆಮೇಲೆ ದನಿ ತಗ್ಗಿಸಿ, “ಕಾಣ್ತೈತೆ, ಅಷ್ಟೇ,” ಎಂದರು.

ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಗಾಡಿ ನಿಲ್ಲಿಸುವ ಜಾಗದಲ್ಲಿ ಸೀಟಿ ಊದಲು ಹಾಕಿದರು. ಗೆರೆಗೆ ಬೇರೆಯವರು ಬಂದರು. ನಾನು ಹೇಳಬೇಕಿತ್ತು, ಹೇಳಲಿಲ್ಲ. ಬಳೆ ಒಡೆಸಿದವಳು ಎಂದು ಇಬ್ಬರನ್ನೂ ಓಡಿಸುತ್ತಾರೆ ಎಂದು ಮೊದಲು ಹೆದರಿದೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಎಂದು ಹೆದರಿದೆ.

ಅವರು ಸೈಕಲ್ಲು ಹತ್ತುವುದನ್ನೇ ಬಿಟ್ಟರು. ಯುಗಾದಿಗೆ ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆಯುವುದು ಪ್ರತಿ ವರ್ಷ ಅವರ ಕೆಲಸ. ಆ ವರ್ಷ ಬಟ್ಟಲು ನನ್ನ ಕೈಗೆ ಕೊಟ್ಟು, “ನೀನೇ ಎಳಿ, ನಂದು ಸೊಟ್ಟಗಾಗ್ತದೆ,” ಎಂದರು. ಕೋಲಾರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ ಎಂದರು. “ಹಂಗಾದ್ರೆ ಕೈಯೇ ನಡುಗ್ತಿರ್ಬೇಕು,” ಎಂದು ಬಸ್ಸಿನಲ್ಲಿ ಉದ್ದಕ್ಕೂ ತಮ್ಮ ಅಂಗೈ ನೋಡಿಕೊಂಡೇ ಬಂದರು. ಅಂದು ನನಗೆ ತಡೆಯಲಾಗಲಿಲ್ಲ. ಮನೆಗೆ ಬಂದು ಕೂತ ಮೇಲೆ ಎಲ್ಲ ಹೇಳಿದೆ. ರಂಗೋಲಿ, ಸೆರಗು, ಎಲ್ಲ.

ಅವರು ನನ್ನ ಮುಖ ನೋಡಿದರು. ಆಮೇಲೆ ನಕ್ಕರು.

“ರೇಷ್ಮೆ ಹುಳದ ಕತೆ ಇದಕ್ಕಿಂತ ಚೆನ್ನಾಗಿತ್ತು ಕಣೇ.”

“ದೇವರಾಣೆ ರೀ!”

“ಬಿಡೇ. ನನ್ ಸಮಾಧಾನಕ್ಕೆ ನೀನ್ಯಾಕೆ ತಪ್ಪು ತಲೆ ಮೇಲೆ ಹಾಕ್ಕೊಂತೀಯ?”

ಅಳು ಬಂತು. ಅತ್ತರೂ ನಂಬಲಿಲ್ಲ. ನಾನು ಸುಳ್ಳಿಗೂ ಚೆನ್ನಾಗಿ ಅಳುತ್ತಿದ್ದೆ, ಅದೂ ಅವರಿಗೆ ಗೊತ್ತಿತ್ತು.

ಹಾಗಾದರೆ ತೋರಿಸಿಯೇ ಬಿಡುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಮಳೆಗಾಲಕ್ಕೆಂದು ಶೆಡ್ಡು ಎರಡು ತಿಂಗಳು ಮುಚ್ಚಿದರು. ಮತ್ತೆ ತೆರೆದ ಮೊದಲ ದಿನ, ಜನ ಬರುವುದಕ್ಕೆ ಮುಂಚೆ ಅವರ ಕೈ ಹಿಡಿದು ಎಳೆದುಕೊಂಡು ಹೋದೆ. ಸೆರಗಿನೊಳಗೆ ರಂಗೋಲಿ ಡಬ್ಬಿ. ಗಾಡಿ ಬಿಡುವ ಬೈರಕೂರಿನ ಹೆಂಗಸನ್ನು, ಯಾಕೆಂದು ಹೇಳದೆ, ಖಾಲಿ ಗಾಡಿ ಒಂದು ಸುತ್ತು ಬಿಡಲು ಮೊದಲೇ ಒಪ್ಪಿಸಿದ್ದೆ. ದೀಪ ಹಾಕಿದರೆ ನೆಲವೆಲ್ಲ ಕಪ್ಪು. ಗೆರೆಯೇ ಇಲ್ಲ.

“ಗೆರೆ ಎಲ್ಲೋಯ್ತಮ್ಮಾ?” ಎಂದು ಅವಳನ್ನು ಕೇಳಿದೆ.

“ಇನ್ನೆಲ್ಲಿ ಗೆರೆ? ನೆಲ ಕುಯ್ದು ಒಳಗೆ ವೈರು ಹೂತವ್ರೆ. ಈಗ ಗಾಡಿ ನೋಡ್ಕೊಂಡು ಹೋಗಲ್ಲ. ವೈರಿರೋದು ಅದಕ್ಕೆ ಗೊತ್ತಾಗ್ತದೆ.”

ನಾನು ಹಟಕ್ಕೆ ಬಿದ್ದು ಅದೇ ರಂಗೋಲಿ ಹಾಕಿದೆ. ಅವಳು ಗಾಡಿ ಬಿಟ್ಟಳು. ಗಾಡಿ ಎಳೆಯನ್ನು ತುಳಿದುಕೊಂಡು, ಯಾವುದೂ ಕಾಣದ ಹಾಗೆ, ಸೀದಾ ಆನೆಯ ಪಕ್ಕದಲ್ಲಿ ಹಾದು ಹೊರಟುಹೋಯಿತು.

“ನೋಡಿದ್ಯಾ?” ಎಂದರು ಯಜಮಾನರು. ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡರು. ಮಂಡಿಯೂರಿ ಕೂತು, ಗೆರೆಯಿದ್ದ ಜಾಗದಲ್ಲೇ, ಹಿಂದಕ್ಕೆ ಸರಿಯುತ್ತ ಸರಿಯುತ್ತ, ರಂಗೋಲಿ ಪುಡಿಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು. ಕೆನ್ನೆ ಇಟ್ಟು ನೋಡಲು ಬಗ್ಗಿದವರು ಅರ್ಧಕ್ಕೇ ನಿಂತು ಎದ್ದರು.

“ನೀನ್ ನೋಡು. ನೆಟ್ಟಗೈತಾ?”

ಆ ತಣ್ಣಗಿನ ನೆಲಕ್ಕೆ ಕೆನ್ನೆ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದೆ. ದಾರ ಬಿಗಿದು ಹಿಡಿದ ಹಾಗಿತ್ತು.

“ನೆಟ್ಟಗೈತೆ ರೀ. ಒಂದ್ ಕೂದಲೂ ಆಚೀಚೆ ಇಲ್ಲ.”

“ನೀನು ಹಂಗೇ ಹೇಳ್ತೀಯ,” ಎಂದು ಕಾಲಿನಿಂದ ಗೆರೆ ಅಳಿಸಿ, ಜೇಬಿನ ಸೀಟಿ ಮುಟ್ಟಿ ನೋಡಿಕೊಂಡು ಹೊರಗೆ ಹೋದರು.