ನೀಲಿ ಪಾರ್ಟಿಯವರ ಕಂಪ್ಯೂಟರ್

ನರಿಮೊಗರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಆನ್‌ಲೈನ್ ಅರ್ಜಿ ತುಂಬುವುದು, ಮಕ್ಕಳ ಅಂಕಪಟ್ಟಿಗೆ ಪ್ಲಾಸ್ಟಿಕ್ ಹೊದಿಸುವುದು, ಇಷ್ಟೇ ಕೆಲಸ. ಇದಕ್ಕೆ ಹತ್ತು ವರ್ಷ ಹಳೆಯ ಕಂಪ್ಯೂಟರ್ ಸಾಕು, ನನ್ನಲ್ಲಿರುವುದೂ ಅದೇ. ಆದರೆ ಮುಂದಿನ ವರ್ಷ ಬರಲಿರುವ ದೊಡ್ಡ ಪ್ರೊಸೆಸರ್ ಯಾವುದು, ಅದರೊಳಗೆ ಒಟ್ಟಿಗೆ ದುಡಿಯುವ ಕೋರ್ ಎಷ್ಟು, ಎದುರು ಕಂಪನಿ ಅದಕ್ಕೆ ಏನು ಉತ್ತರ ಕೊಡಲಿದೆ ಎಂಬುದೆಲ್ಲ ನನಗೆ ಬಾಯಿಪಾಠ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಅಮ್ಮ ಹೇಳುವುದು ನನ್ನನ್ನು ನೋಡಿಯೇ.

ನನ್ನಂಥವರು ಇನ್ನೂ ಇದ್ದಾರೆ. ಪುತ್ತೂರು, ಸುಳ್ಯ, ಕಡಬ ಸೇರಿಸಿ ನಾವು ಒಂಬತ್ತು ಜನ, ನಮ್ಮದೊಂದು ವಾಟ್ಸ್ಯಾಪ್ ಗುಂಪು. ಪ್ರೊಸೆಸರ್ ಮಾಡುವ ದೊಡ್ಡ ಕಂಪನಿಗಳು ಎರಡು. ಒಂದರ ಬಣ್ಣ ಕೆಂಪು, ಇನ್ನೊಂದರದ್ದು ನೀಲಿ. ನಾನು ಕೆಂಪು ಪಾರ್ಟಿ. ನೀಲಿ ಪಾರ್ಟಿಯ ನಾಯಕರು ಸುಳ್ಯದಲ್ಲಿ ಮೊಬೈಲ್ ಮತ್ತು ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟಿರುವ ಬ್ಯಾರಿ ಮುಸ್ಲಿಮರೊಬ್ಬರು. ನನಗಿಂತ ಹತ್ತು ವರ್ಷ ದೊಡ್ಡವರು, ಎಲ್ಲರಿಗೂ ಕಾಕ, ಅಂದರೆ ಚಿಕ್ಕಪ್ಪ. ಬೈಯುವಾಗಲೂ ನಾನು ಅವರನ್ನು ಬಹುವಚನದಲ್ಲೇ ಬೈದವನು. ‘ನಿಮ್ಮ ನೀಲಿಯವರ ಪ್ರೊಸೆಸರ್ ಕಾದರೆ ಅದರ ಮೇಲೆ ನೀರುದೋಸೆ ಹುಯ್ಯಬಹುದು ಕಾಕ’ ಎಂದು ನಾನು ಬರೆದರೆ, ‘ನಿಮ್ಮದು ಬರುದು ಯಾವಾಗ ಮಾರಾಯ, ದೋಸೆ ಆರಿತು’ ಎಂದು ಅವರು. ಆಲಂಕಾರಿನ ನಿವೃತ್ತ ಮೇಷ್ಟ್ರೊಬ್ಬರು ನಡುವೆ ಬಂದು ನಮ್ಮನ್ನು ಬಿಡಿಸುತ್ತಿದ್ದರು. ‘ಇಬ್ಬರೂ ಇರ್ಬೇಕು ಮಾರಾಯ್ರೆ. ಎದುರು ಒಂದು ಅಂಗಡಿ ಉಂಟು ಅಂತಾದ್ರೆ ಮಾತ್ರ ತಕ್ಕಡಿ ಸರಿ ನಿಲ್ಲುದು’ ಎನ್ನುವುದು ಅವರ ತೀರ್ಪು. ಮೇಷ್ಟ್ರು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಆದರೂ ಒಪ್ಪಿಕೊಳ್ಳುವ ಬುದ್ಧಿ ಇರಲಿಲ್ಲ.

ಇಷ್ಟೇ ಆಗಿದ್ದರೆ ಇದು ಬರೀ ಬಾಯಿಚಪಲದ ಕತೆ. ಆದರೆ ಮನೆಯಲ್ಲಿ ತಂಗಿ ಇದ್ದಳು.

ಅವಳು ಕಂಪ್ಯೂಟರಿನಲ್ಲಿ ಅನಿಮೇಷನ್ ಮಾಡುತ್ತಾಳೆ. ಕಲಿತದ್ದು ಹೆಚ್ಚಿನಂಶ ಫೋನು ನೋಡಿಯೇ. ಮದುವೆ ಆಲ್ಬಮ್ ಮಾಡಿಕೊಟ್ಟು ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಿದ್ದಳು. ಒಂದು ಒಳ್ಳೆಯ ಕಂಪ್ಯೂಟರ್ ಬೇಕು ಎಂದು ಅವಳು ನನ್ನ ಬಳಿ ಹೇಳಿ ಎರಡು ವರ್ಷ ದಾಟಿತ್ತು. ದುಡ್ಡೂ ಅವಳೇ ಜೋಡಿಸಿಟ್ಟಿದ್ದಳು. ನಾನು ಮಾತ್ರ ಪ್ರತಿ ಸಲ ‘ಸ್ವಲ್ಪ ಕಾಯಿ, ಇನ್ನೊಂದು ಬರ್ತಾ ಉಂಟು, ಅದು ಬಂದ್ರೆ ಇದು ಅರ್ಧ ಕ್ರಯಕ್ಕೆ ಸಿಗ್ತದೆ’ ಎಂದೆ. ಬಂದದ್ದಕ್ಕಿಂತ ಬರಲಿರುವುದು ಯಾವಾಗಲೂ ದೊಡ್ಡದು. ಈ ಹುಚ್ಚು ಹಿಡಿದವರಿಗೆ ಅಂಗಡಿಯಲ್ಲಿರುವ ಸಾಮಾನು ಕಣ್ಣಿಗೇ ಕಾಣುವುದಿಲ್ಲ.

ಕಳೆದ ವರ್ಷ ಒಂದು ಸುದ್ದಿ ಸೋರಿತು. ಬರಲಿರುವ ಕೆಂಪು ಪ್ರೊಸೆಸರ್ ಹಳೆಯ ಮದರ್‌ಬೋರ್ಡಿಗೇ, ಅದು ಕೂರುವ ಹಲಗೆಗೇ, ಹೊಂದುತ್ತದೆಯಂತೆ. ಹೇಳಿದವನು ಯಾರೋ, ಎಲ್ಲಿಯವನೋ. ನಾನು ನಂಬಿದೆ. ತಂಗಿಯ ದುಡ್ಡಿನಲ್ಲಿ ಬೋರ್ಡು, ಪೆಟ್ಟಿಗೆ, ಮೆಮೊರಿ ಎಲ್ಲ ತರಿಸಿ, ಒಂದು ಭಾನುವಾರ ಕೂತು ಜೋಡಿಸಿಯೂ ಬಿಟ್ಟೆ. ನಡುವಿನಲ್ಲಿ ಪ್ರೊಸೆಸರ್ ಕೂರುವ ಚೌಕ ಜಾಗ ಮಾತ್ರ ಖಾಲಿ. ಗುಂಪಿಗೆ ಫೋಟೊ ಹಾಕಿದಾಗ ಕಾಕ ಬರೆದರು: ‘ಕೂಸು ಹುಟ್ಟುವ ಮೊದಲೇ ಕುಲಾವಿ.’ ನನಗೆ ಮೈ ಉರಿಯಿತು. ಆ ಪೆಟ್ಟಿಗೆ ಎಂಟು ತಿಂಗಳು ತಂಗಿಯ ಕೋಣೆಯಲ್ಲಿ ಹಾಗೆಯೇ ಇತ್ತು. ಧೂಳು ಬೀಳಬಾರದೆಂದು ಅವಳು ಅದರ ಮೇಲೆ ಹಳೆಯ ವೇಲು ಹೊದಿಸಿದಳು, ಆಮೇಲೆ ಮೇಲೊಂದು ನೀರಿನ ಹೂಜಿಯೂ ಬಂದು ಕೂತಿತು.

ಅಷ್ಟರಲ್ಲಿ ಮಕ್ಕಳ ಪಾಠಗಳಿಗೆ ಅನಿಮೇಷನ್ ಮಾಡುವ ಒಂದು ಕಂಪನಿ, ಮನೆಯಿಂದಲೇ ಕೆಲಸ ಮಾಡುವವರು ಬೇಕೆಂದು ಕರೆದಿತ್ತು. ಮೂರು ನಿಮಿಷದ ಚಿತ್ರವೊಂದನ್ನು ಮಾಡಿ ಕಳಿಸಬೇಕು. ಅವಳು ಆರಿಸಿದ್ದು, ಮೊದಲ ಮಳೆಗೆ ಗದ್ದೆಯಿಂದ ಎದ್ದು ಡಾಮರು ರಸ್ತೆ ದಾಟುವ ಒಂದು ಏಡಿಯ ಕತೆ. ಏಡಿ ಸುಲಭ, ನೀರು ಕಷ್ಟ. ರಸ್ತೆಯ ಮೇಲೆ ಸಿಡಿಯುವ ಒಂದೊಂದು ಹನಿಯನ್ನೂ ಕಂಪ್ಯೂಟರ್ ಲೆಕ್ಕ ಹಾಕಿ ಬರೆಯಬೇಕು. ಅವಳ ಹಳೆಯ ಕಂಪ್ಯೂಟರಿಗೆ ಒಂದು ಬಿಡಿಚಿತ್ರಕ್ಕೆ ಐದಾರು ನಿಮಿಷ ಬೇಕು, ಸೆಕೆಂಡಿಗೆ ಇಪ್ಪತ್ತನಾಲ್ಕರಂತೆ ಅಂಥವು ನಾಲ್ಕು ಸಾವಿರಕ್ಕೂ ಮೇಲೆ. ಅಂದರೆ ಹದಿನೈದು ದಿನಕ್ಕಿಂತ ಹೆಚ್ಚು.

‘ಈಗಲೇ ಶುರು ಮಾಡ್ಲಾ ಅಣ್ಣ?’ ಎಂದು ಅವಳು ಸಮಯಕ್ಕೆ ಸರಿಯಾಗಿಯೇ ಕೇಳಿದ್ದಳು. ‘ಬೇಡ, ಎರಡು ವಾರ ಕಳೆದು ಮಂಗಳವಾರ ಬಿಡುಗಡೆ ಉಂಟು. ಮಂಗಳೂರಿನ ಅಂಗಡಿಯವ ಎರಡು ದಿನದಲ್ಲಿ ತರಿಸಿ ಕೊಡ್ತಾನೆ. ಅದರಲ್ಲಿ ಒಂದೇ ದಿನದ ಕೆಲಸ. ಅಲ್ಲಿವರೆಗೆ ನೀನು ನೀರು ಚಂದ ಮಾಡು’ ಎಂದೆ. ಅವಳು ನೀರನ್ನು ಚಂದ ಮಾಡುತ್ತ ಕೂತಳು.

ಆ ಮಂಗಳವಾರ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ತೆರೆದು ಫೋನಿನಲ್ಲಿ ಬಿಡುಗಡೆ ನೋಡಿದೆ. ವೇದಿಕೆಯಲ್ಲಿ ಚರ್ಮದ ಕೋಟಿನವರೊಬ್ಬರು ಪ್ರೊಸೆಸರನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ಗುಂಪಿನಲ್ಲಿ ಮಾತಿನ ಮಳೆ. ಒಬ್ಬ ಕೋರ್ ಎಣಿಸಿದ, ಒಬ್ಬ ಕ್ರಯ ಊಹಿಸಿದ, ಇನ್ನು ನೀಲಿಯವರ ಕತೆ ಮುಗಿಯಿತು ಎಂದ ಇನ್ನೊಬ್ಬ. ಕೊನೆಗೆ ಪರದೆಯ ಮೇಲೆ ಎರಡು ಸಾಲು ಬಂತು. ಮಾರಾಟ ಇನ್ನೆರಡು ತಿಂಗಳ ನಂತರ. ಬೋರ್ಡೂ ಹೊಸದೇ ಬೇಕು.

ಕಾಕ ಬರೆದರು: ‘ಬೋರ್ಡು ಬದಲಿಸ್ಬೇಕಂತೆ. ಯಾರೋ ಮೊದಲೇ ತಕ್ಕೊಂಡಿದ್ರಲ್ಲ?’ ನಾನು ಬಾಯಿಗೆ ಬಂದದ್ದನ್ನು ಬರೆದು ಗುಂಪಿನಿಂದ ಹೊರಗೆ ಬಂದೆ. ಮೊದಲ ಸಲ ಏಕವಚನದಲ್ಲಿ ಬರೆದಿದ್ದೆ.

ಮಂಗಳೂರಿನ ಅಂಗಡಿಗಳಿಗೆ ಫೋನು ಮಾಡಿದೆ. ನಮ್ಮ ಬೋರ್ಡಿಗೆ ಹೊಂದುವ ಹಳೆಯ ದೊಡ್ಡ ಪ್ರೊಸೆಸರ್ ಯಾರಲ್ಲೂ ಇರಲಿಲ್ಲ. ಹೊಸದು ಬರುತ್ತದೆಂದು ಅವರೂ ತರಿಸುವುದನ್ನು ನಿಲ್ಲಿಸಿದ್ದರು. ಬೇಕಾದರೆ ಒಂದು ವಾರ ಎಂದರು. ಚಿತ್ರ ಕಳಿಸಲು ನಮಗೆ ಉಳಿದದ್ದು ಭಾನುವಾರದವರೆಗೆ, ಅಂದೂ ಸೇರಿ ಆರು ದಿನ.

ಮನೆಗೆ ಹೋಗಿ ತಂಗಿಗೆ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಜಗಳ ಮಾಡಿ ಹಗುರವಾಗಬಹುದಿತ್ತು. ಅವಳು ಕೆಲಸ ನಿಲ್ಲಿಸದೆ, ‘ಕೆಂಪು ಯಾವುದು ನೀಲಿ ಯಾವುದು ನನಗೆ ಎಂತ ಗೊತ್ತಣ್ಣ? ನೀನು ಕಾಯಿ ಅಂದೆ, ನಾನು ಕಾದೆ’ ಎಂದಳು. ಅವಳು ಈ ಎರಡು ವರ್ಷ ಯಾವ ಪ್ರೊಸೆಸರಿಗೂ ಕಾದಿರಲಿಲ್ಲ, ನನ್ನ ಮಾತಿಗೆ ಕಾದಿದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಸಂಜೆ ಆಲಂಕಾರಿನ ಮೇಷ್ಟ್ರ ಫೋನು ಬಂತು. ‘ಎಂತ ಮಾರಾಯ, ಇಷ್ಟಕ್ಕೆಲ್ಲ ಗುಂಪು ಬಿಡುದಾ?’ ಎಂದು ಕೇಳಿದರು. ಏಡಿಯಿಂದ ಹಿಡಿದು ಬೋರ್ಡಿನವರೆಗೆ ಎಲ್ಲ ಹೇಳಿಬಿಟ್ಟೆ. ಅವರು ಹೂಂ ಹೂಂ ಎಂದು ಕೇಳಿ ಫೋನಿಟ್ಟರು.

ಮರುದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಜಡಿಮಳೆಯಲ್ಲಿ ನಮ್ಮ ಅಂಗಳಕ್ಕೆ ಒಂದು ವ್ಯಾನು ಬಂತು. ಇಳಿದವರು ಕಾಕ. ಪಕ್ಕದ ಸೀಟಿನಲ್ಲಿ, ಬೆಡ್‌ಶೀಟಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಬೆಲ್ಟು ಬಿಗಿದು ಕೂರಿಸಿದ್ದು ಅವರ ಕಂಪ್ಯೂಟರ್. ಹದಿನಾರು ಕೋರಿನ ನೀಲಿ ಪ್ರೊಸೆಸರ್ ಇದ್ದದ್ದು. ಗುಂಪಿನಲ್ಲಿ ಅದರ ಫೋಟೊ ನೋಡಿ ನೋಡಿ ನಾನು ಹೊಟ್ಟೆ ಉರಿಸಿಕೊಂಡದ್ದು. ಅದನ್ನು ಮಗುವಿನಂತೆ ಎತ್ತಿಕೊಂಡು ಜಗಲಿ ಹತ್ತಿದವರು, ‘ಎಲ್ಲಿ ಇಡುದು ಇದನ್ನ?’ ಎಂದಷ್ಟೇ ಕೇಳಿದರು.

‘ಕಾಕ, ನಾನು ನಿನ್ನೆ...’ ಎಂದು ಶುರು ಮಾಡಿದೆ.

‘ಅದು ಮತ್ತೆ ಮಾತಾಡುವಾ. ವ್ಯಾನಲ್ಲಿ ಯುಪಿಎಸ್ ಉಂಟು, ಅದನ್ನ ತಾ. ಈ ಮಳೆಗೆ ಕರೆಂಟು ನಂಬ್ಲಿಕ್ಕಿಲ್ಲ’ ಎಂದರು.

ಹನ್ನೊಂದಕ್ಕೆ ಕೆಲಸ ಶುರುವಾಯಿತು. ಮದುವೆಯ ಹಿಂದಿನ ದಿನ ಹದಿನಾರು ಜನ ಸಾಲಾಗಿ ಕೂತು ತರಕಾರಿ ಹೆಚ್ಚಿದ ಹಾಗೆ, ಹದಿನಾರು ಕೋರುಗಳು ಒಟ್ಟಿಗೆ ನೀರ ಹನಿಗಳಿಗೆ ಕೈಹಾಕಿದವು. ಫ್ಯಾನು ಜೋರಾಯಿತು, ಪೆಟ್ಟಿಗೆ ಬೆಚ್ಚಗಾಯಿತು. ನೀರುದೋಸೆಯ ಮಾತು ನುಂಗಿಕೊಂಡು ನಾನು ಅದರ ಕಡೆಗೆ ಟೇಬಲ್ ಫ್ಯಾನು ತಿರುಗಿಸಿದೆ. ಮೊದಲ ಬಿಡಿಚಿತ್ರ ಅರ್ಧ ನಿಮಿಷದೊಳಗೆ ಬಂದಾಗ ತಂಗಿ ಕುರ್ಚಿಯಿಂದ ಎದ್ದೇ ನಿಂತಳು.

ಕಾಕ ಅಮ್ಮ ಕೊಟ್ಟ ಚಹಾ ಹಿಡಿದುಕೊಂಡು ಪರದೆಯ ಮುಂದೆ ಕೂತಿದ್ದರು. ಒಂದೊಂದು ಕೋರಿನ ದುಡಿಮೆ ತೋರಿಸುವ ಹದಿನಾರು ಗೀಟುಗಳೂ ತುದಿ ಮುಟ್ಟಿ ನಿಂತಿದ್ದನ್ನು ನೋಡುತ್ತಲೇ ಇದ್ದರು. ಚಹಾ ಆರಿತು. ಆಮೇಲೆ ತಂಗಿಗೆ ಕೇಳಿಸದ ಹಾಗೆ ನನ್ನ ಬಳಿ ಹೇಳಿದರು: ‘ಇದು ತಂದು ಎರಡು ವರ್ಷ ಆಯ್ತು ಮಾರಾಯ. ನಾನು ಎಷ್ಟು ಸ್ಪೀಡ್ ಅಂತ ಟೆಸ್ಟ್ ಓಡಿಸುದು, ಬಂದ ನಂಬರನ್ನ ನಿಮ್ಗೆಲ್ಲ ಕಳಿಸುದು, ಆಫ್ ಮಾಡುದು. ಮತ್ತೆ ಅಂಗಡಿಯ ಬಿಲ್ಲು. ಇದು ಒಂದು ಕೆಲಸ ಅಂತ ಮಾಡುದನ್ನ ಇವತ್ತೇ ನೋಡಿದ್ದು.’ ಅವರ ಕಣ್ಣು ಒದ್ದೆಯಾಗಿತ್ತು. ನನ್ನದೂ. ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಕರೆಂಟು ಎರಡು ಸಲ ಹೋಯಿತು. ಯುಪಿಎಸ್ ಮುಗಿದು ನಿಂತರೂ, ಕರೆಂಟು ಬಂದ ಮೇಲೆ ಕೆಲಸ ನಿಂತಲ್ಲಿಂದಲೇ ಮುಂದುವರಿಯಿತು. ಗುರುವಾರ ಸಂಜೆಗೆ ಚಿತ್ರ ಮುಗಿಯಿತು. ಏಡಿ ರಸ್ತೆಯ ನಡುವೆ ನಿಂತು, ಲಾರಿ ಸಿಡಿಸಿದ ನೀರಿನಲ್ಲಿ ಮಿಂದು, ಆಚೆ ದಾಟಿತು. ತಂಗಿ ಶುಕ್ರವಾರ ಕಳಿಸಿದಳು, ಎರಡು ದಿನ ಮೊದಲೇ. ಕಂಪ್ಯೂಟರನ್ನು ಹಿಂದೆ ಕೊಡಲು ಹೋದರೆ ಕಾಕ ತೆಗೆದುಕೊಳ್ಳಲಿಲ್ಲ. ‘ಕೆಲಸ ಸಿಕ್ಕಿ, ಅವಳು ಸ್ವಂತದ್ದು ತಕ್ಕೊಂಡ ಮೇಲೆ ತಾ. ನನಗೆ ಬಿಲ್ಲು ಮಾಡ್ಲಿಕ್ಕೆ ಹಳೇದು ಉಂಟು’ ಎಂದರು.

ನಮ್ಮ ಕಡೆ ಥ್ಯಾಂಕ್ಸ್ ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಹೇಳಿದರೆ ದೂರದವರಾದ ಹಾಗೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಎದುರಾಳಿ ಎಂದು ನಾನು ಇಷ್ಟು ವರ್ಷ ಯಾರ ಜೊತೆ ಹೋರಾಡಿದೆನೋ, ಅವರಿಂದಾಗಿ ತಂಗಿಗೆ ಕೊಟ್ಟ ನನ್ನ ಮಾತು ಉಳಿಯಿತು. ಆ ಋಣ ದೊಡ್ಡದು.

ಉತ್ತರ ಬಂದದ್ದು ಹದಿನೆಂಟನೆಯ ದಿನ, ಮಧ್ಯಾಹ್ನ ಊಟಕ್ಕೆಂದು ನಾನು ಮನೆಗೆ ಬಂದಿದ್ದಾಗ. ತಂಗಿ ಫೋನಿನಲ್ಲಿ ಪತ್ರ ಓದಿದಳು, ಇನ್ನೊಮ್ಮೆ ಓದಿದಳು. ನಾನು ಎದುರಿಗೇ ಕೂತಿದ್ದೆ, ಅನ್ನ ಕಲಸುತ್ತ. ಅವಳು ನನಗೆ ಏನೂ ಹೇಳದೆ ಸುಳ್ಯಕ್ಕೆ ಫೋನು ಮಾಡಿದಳು.

‘ಕಾಕ, ಕೆಲಸ ಸಿಕ್ಕಿತು’ ಎಂದಳು. ಆ ಕಡೆಯಿಂದ ಅವರು ಏನೋ ಹೇಳುತ್ತಿದ್ದರು, ಇವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, ‘ಅಣ್ಣ, ಸಿಕ್ಕಿತು’ ಎಂದಳು.

ಎರಡನೆಯದಾಗಿ ಹೇಳಿದಳು. ಅದೇ ಸರಿ ಎಂದು ನನಗೆ ಅನ್ನಿಸಿತು.