ಅತ್ತೆಯ ಪಾರ್ಟು

ನಮ್ಮ ಸೋದರತ್ತೆಯಿಂದ ಸಿನಿಮಾದಲ್ಲಿ ಪಾರ್ಟು ಮಾಡಿಸಿದವಳು ನಾನು. ಸೇಡು ತೀರಿಸಿಕೊಳ್ಳುವುದಕ್ಕೇ ಮಾಡಿಸಿದೆ. ಹೇಳಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಅತ್ತೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ಬ್ಯಾಡಗಿಯ ನಮ್ಮ ಮನೆಗೇ ಬಂದು ನಿಂತವಳು. ಎದುರಿಗೆ ಬಹುವಚನ ಕೊಡುತ್ತಿದ್ದೆ, ಮನಸ್ಸಿನಲ್ಲಿ ಎಂದೂ ಕೊಡಲಿಲ್ಲ. ಬಂದ ವಾರದಲ್ಲೇ ಅಡುಗೆಮನೆ ಅವಳ ಕೈಗೆ ಹೋಯಿತು. ಅವ್ವ ಅವಳು ಹೇಳಿದ ಕೆಲಸ ಮಾಡುವವಳಾದಳು.

ಎಂಬತ್ತರ ದಶಕದ ಮಾತು. ನನಗಾಗ ಹದಿನೇಳು. ಹಾವೇರಿಯಿಂದ ಕನ್ಯೆ ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, 'ಹುಡುಗಿ ಜರಾ ಮೈಯಾಗ ಜಾಸ್ತಿ ಅದಾಳ' ಎಂದು ಆಮೇಲೆ ಹೇಳಿ ಕಳಿಸಿದರು. ಅಂದು ಅತ್ತೆ ಪಡಸಾಲೆಯಲ್ಲಿ ಎಲ್ಲರೆದುರು ನನ್ನ ತೋಳನ್ನು ಎರಡು ಬೆರಳ ನಡುವೆ ಹಿಡಿದು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವಂತೆ ಒತ್ತಿದಳು.

'ಶನಿವಾರ ಒಪ್ಪೊತ್ತು ಹಿಡಿ. ಕದರಮಂಡಲಗಿ ಹನುಮಪ್ಪ ಕಣ್ಣು ತಗದ್ರ ಮೈನೂ ಇಳೀತೈತಿ, ಗಂಡೂ ಸಿಗತಾನ' ಎಂದಳು.

ಒಪ್ಪೊತ್ತು ಎಂದರೆ ದಿನಕ್ಕೆ ಒಂದೇ ಊಟ. ಶನಿವಾರ ಹಿಡಿದೆ. ಆಮೇಲೆ ಸೋಮವಾರ, ಗುರುವಾರ, ಆಮೇಲೆ ಎಲ್ಲ ವಾರ. ಆ ಒಂದೂಟದಲ್ಲೂ ರೊಟ್ಟಿ ಅರ್ಧಕ್ಕಿಳಿಯಿತು, ಚೂರಿಗಿಳಿಯಿತು. ಹಸಿವು ತಡೆದಷ್ಟೂ ಏನೋ ಗೆದ್ದೆ ಅನಿಸುತ್ತಿತ್ತು. ಒಂದು ತುತ್ತು ಹೆಚ್ಚಾದರೆ ಇಡೀ ದಿನ ನನಗೆ ನನ್ನ ಮೇಲೇ ಅಸಹ್ಯ.

ಬೇರೆಲ್ಲಾದರೂ ಆಗಿದ್ದರೆ ಯಾರಾದರೂ ಹೆದರುತ್ತಿದ್ದರೇನೋ. ನಮ್ಮ ಓಣಿಯಲ್ಲಿ ನನಗೆ ಮರ್ಯಾದೆ ಶುರುವಾಯಿತು. ಹೆಣ್ಣುಮಕ್ಕಳು ಬಂದು ಹೂ ಮುಡಿಸಿ ಹೋದರು. ಮುದುಕಿಯೊಬ್ಬಳು ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅತ್ತೆ ಕಟ್ಟೆಯ ಮೇಲೆ ಕೂತು, 'ನಮ್ಮ ಹುಡುಗೀದು ಎಂಥಾ ನೇಮ ಅಂತೀರಿ' ಎಂದು ಬೀಗುವಳು. ಅವ್ವ ಒಮ್ಮೆ ಧೈರ್ಯ ಮಾಡಿ ರೊಟ್ಟಿ, ಬೆಣ್ಣೆ, ಕೆಂಪು ಚಟ್ನಿ ತಾಟಿಗೆ ಹಾಕಿಕೊಂಡು ಬಂದಳು. ಅತ್ತೆ ಅವಳ ಕೈಯಿಂದ ತಾಟು ಕಿತ್ತುಕೊಂಡಳು. 'ಹುಡುಗಿ ನೇಮ ಕೆಡಸಬ್ಯಾಡ ನೀ' ಎನ್ನುತ್ತ ಒಳಗೆ ನಡೆದಳು.

ಮುಟ್ಟು ನಿಂತಿತು. ಕೂದಲು ಬಾಚಣಿಕೆ ತುಂಬ ಬರತೊಡಗಿತು. ಒಂದು ದಿನ ನೀರು ತರುವಾಗ ಕೊಡದ ಸಮೇತ ಬಿದ್ದೆ. ಹಾವೇರಿಯ ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ ಅವ್ವನಿಗೆ, 'ಇದು ನೇಮ ಅಲ್ಲವ್ವಾ, ಬ್ಯಾನಿ. ತಡಾ ಮಾಡಿದ್ರ ನಿನ್ನ ಮಗಳು ಉಳಿಯೂದಿಲ್ಲ' ಎಂದರು.

ಅವ್ವ ಮನೆಗೆ ಹೋಗಲೇ ಇಲ್ಲ. ಅಲ್ಲಿಂದಲೇ ಗುತ್ತಲದ ಬಸ್ಸು ಹತ್ತಿಸಿ ನನ್ನನ್ನು ತನ್ನ ತವರಿಗೆ ಕರೆದೊಯ್ದಳು. ಅಲ್ಲಿ ನುಚ್ಚು, ಮಜ್ಜಿಗೆ, ಒಂದೊಂದೇ ಚಮಚ. ಬೇಡವೆಂದು ಅವ್ವನ ಕೈ ಕಚ್ಚಿದ್ದೂ ಉಂಟು. ಇಡೀ ಒಂದು ರೊಟ್ಟಿ ಉಣ್ಣುವಂತಾಗಲು ವರ್ಷ ಹಿಡಿಯಿತು. ಆಮೇಲೆ ಅವ್ವ ಬ್ಯಾಡಗಿಗೆ ಮರಳಿದಳು, ನಾನು ಓದಲು ಧಾರವಾಡಕ್ಕೆ ಹೋದೆ.

ಅತ್ತೆ ಮಾತ್ರ, 'ಹುಡುಗಿಗೆ ದೃಷ್ಟಿ ಆಗಿತ್ತು' ಎಂದು ಊರೆಲ್ಲ ಹೇಳಿಕೊಂಡು ತಿರುಗಿದಳು. 'ನನ್ನಿಂದ ತಪ್ಪಾತು' ಎಂದು ಒಂದು ದಿನವೂ ಅನ್ನಲಿಲ್ಲ. ನನಗೆ ಬೇಕಾಗಿದ್ದುದು ಆ ಒಂದು ಮಾತು. ರಜೆಗೆ ಬಂದಾಗಲೂ ಅವಳೆದುರು ಊಟಕ್ಕೆ ಕೂರುತ್ತಿರಲಿಲ್ಲ. ಹಲ್ಲು ಕಚ್ಚಿ ಕಾದೆ.

ತೊಂಬತ್ತರ ದಶಕ ಶುರುವಾದಾಗ, ಧಾರವಾಡದಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಬಾಡಿಗೆ ಕ್ಯಾಮೆರಾ ತಂದು ನನ್ನ ಕಥೆಯನ್ನೇ ಸಣ್ಣ ಸಿನಿಮಾ ಮಾಡಲು ಹೊರಟಳು. ಹಾಡಿಲ್ಲ, ಹೊಡೆದಾಟವಿಲ್ಲ, ಊಟ ಬಿಟ್ಟ ಹುಡುಗಿ ಮತ್ತೆ ಊಟಕ್ಕೆ ಕೂರುವುದೇ ಕಥೆ. ಶೂಟಿಂಗ್ ನಮ್ಮ ಮನೆಯಲ್ಲೇ. ಅತ್ತೆಯ ಪಾರ್ಟು ಮಾಡಲು ಒಪ್ಪಿದ್ದ ನಾಟಕದ ಹೆಂಗಸು ಕೊನೆಗಳಿಗೆಯಲ್ಲಿ ಕೈಕೊಟ್ಟಳು.

'ನಮ್ಮ ಅತ್ತೀನ್ನೇ ನಿಲ್ಲಿಸು' ಎಂದೆ.

ಗೆಳತಿ ನನ್ನ ಮುಖ ನೋಡಿದಳು. 'ಖರೇ ಹೇಳಾಕತ್ತೀಯೇನು?'

'ಖರೇನ. ಆಕೀಗೆ ಕಥಿ ಹೇಳಬ್ಯಾಡ. ಭಕ್ತಿ ಸಿನಿಮಾ ಅನ್ನು.'

ಅತ್ತೆ ಇಳಕಲ್ ಸೀರೆ ಉಟ್ಟು ಬಂದಳು. 'ಈ ಹುಡುಗಿ ನೇಮ ಹಿಡಿದಾಳ, ನೀವು ಈಕಿ ಅತ್ತಿ. ಬಾಯಿಗೆ ಬಂದಿದ್ದು ಮಾತಾಡ್ರಿ' ಎಂದಷ್ಟೇ ಗೆಳತಿ ಹೇಳಿದ್ದು. ಕ್ಯಾಮೆರಾ ಓಡಿತು. ಯಾರೂ ಹೇಳಿಕೊಡದೆ ಅತ್ತೆ, ನನ್ನ ಪಾರ್ಟು ಮಾಡುತ್ತಿದ್ದ ಹುಡುಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದಳು. ತಾಯಿಯ ಪಾರ್ಟು ಮಾಡುತ್ತಿದ್ದವಳು ರೊಟ್ಟಿ ತಂದಾಗ ತಾಟು ಕಿತ್ತುಕೊಂಡು, 'ಹುಡುಗಿ ನೇಮ ಕೆಡಸಬ್ಯಾಡ ನೀ' ಎಂದಳು. ಅದೇ ಮಾತು, ಅದೇ ದನಿ. ಕ್ಯಾಮೆರಾದ ಹಿಂದೆ ನಿಂತಿದ್ದ ನನ್ನ ಮೈಯೆಲ್ಲ ಉರಿಯಿತು. ಬರಲಿ, ಎಲ್ಲ ರೀಲಿಗೆ ಇಳಿಯಲಿ ಎಂದುಕೊಂಡೆ.

ರಾಣೆಬೆನ್ನೂರಿನ ಟಾಕೀಸೊಂದರಲ್ಲಿ ಭಾನುವಾರದ ಬೆಳಗಿನ ಆಟಕ್ಕೆ ಅದನ್ನು ಹಾಕಿದರು. ಅತ್ತೆಯನ್ನು ನಾನೇ ಬಸ್ಸಿನಲ್ಲಿ ಕರೆದೊಯ್ದೆ. ಓಣಿಯ ಹೆಣ್ಣುಮಕ್ಕಳೂ ಬಂದರು. ಪರದೆಯ ಮೇಲೆ ತನ್ನ ಮುಖ ಕಂಡು ಅತ್ತೆ ಸೆರಗು ಬಾಯಿಗಿಟ್ಟು ನಕ್ಕಳು. ಹುಡುಗಿ ಬಡಕಲಾಗುತ್ತ ಹೋದಳು. ತಾಟು ಕಿತ್ತುಕೊಳ್ಳುವ ಹೊತ್ತಿಗೆ ಹಿಂದಿನ ಸಾಲಿನಿಂದ ಆ ಊರಿನವಳೊಬ್ಬಳು, 'ಇಕಿ ಕೈ ಸೇದಿ ಹೋಗ್ಲಿ, ಕೂಸಿನ್ನ ಕೊಲ್ಲಾಕತ್ತಾಳ' ಎಂದಳು. ನಮ್ಮ ಓಣಿಯವರು ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ. ನಾನು ಪರದೆ ನೋಡುತ್ತಿರಲಿಲ್ಲ, ಅತ್ತೆಯನ್ನೇ ನೋಡುತ್ತಿದ್ದೆ. ನಗು ಎಲ್ಲಿ ಹೋಯಿತೋ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದವಳೇ ಅತ್ತೆ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ನಾನು ಅವಳೆದುರಿಗೇ ಮಣೆ ಹಾಕಿಕೊಂಡು ಕೂತೆ. ಬಡಿಸಿದಳು, ಉಂಡೆ.

'ಆ ಹುಡುಗಿ ಕೊನಿಗೆ ಉಂಡ್ಲಲ್ಲ, ಅದು ಛಲೋ ಆತು' ಎಂದಳು, ತಲೆಯೆತ್ತದೆ.

'ಉಂಡ್ಲು. ಅತ್ತಿ ಇಲ್ಲದ ಮನಿಗೆ ಹೋಗಿ ಉಂಡ್ಲು' ಎಂದೆ.

ಅವಳ ಕೈ ನಿಂತಿತು. ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತು. ಈಗಲಾದರೂ ಆ ಮಾತು ಬರುತ್ತದೆಂದು ಕಾದೆ. ಬರಲಿಲ್ಲ.

'ಇನ್ನೊಂದು ಹಾಕ್ರಿ' ಎಂದೆ. ಹಾಕಿದಳು. ಅದನ್ನೂ ಉಂಡೆ.

ಆಮೇಲೆ ಅತ್ತೆ ಪಡಸಾಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಅವ್ವ ತಾಟು ಬಡಿಸಿಕೊಂಡು ಹೋಗಿ, 'ಉಣ್ರಿ' ಎಂದು ಎರಡು ಸಲ ಕರೆದಳು. ಅತ್ತೆ ಮಿಸುಕಲಿಲ್ಲ. ಅವ್ವ ಮೂರನೆಯ ಸಲ ಬಾಯಿ ತೆರೆಯುವ ಮೊದಲೇ ನಾನು ಅವಳ ಕೈಯಿಂದ ತಾಟು ತೆಗೆದುಕೊಂಡೆ.

'ಬಿಡವ್ವಾ. ಅತ್ತಿ ನೇಮ ಕೆಡಸಬ್ಯಾಡ ನೀ' ಎಂದು ಒಳಗೆ ನಡೆದೆ.